ಓದುಗರ ಪ್ರಶ್ನೆ, ವೈದ್ಯರ ಉತ್ತರ: ಬಿಸಿಲು, ಮೈಬಣ್ಣ ಮತ್ತು ಚರ್ಮದ ಕ್ಯಾನ್ಸರ್

ಪ್ರಶ್ನೆ: ಮಾನ್ಯ ಡಾಕ್ಟರಿಗೆ ನಮಸ್ಕಾರಗಳು. ನನ್ನ ಮಗಳು, ಅಳಿಯ ಮತ್ತು ಮೊಮ್ಮಗ ಕೆಲವು ವರ್ಷಗಳಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿದ್ದಾರೆ. ಆ ದೇಶದ ಮೂವರಲ್ಲಿ ಇಬ್ಬರಿಗೆ ಎಪ್ಪತ್ತು ವರ್ಷ ತುಂಬುವುದರೊಳಗೆ ಚರ್ಮದ ಕ್ಯಾನ್ಸರ್ ಬರುತ್ತದೆಂದು ಮಗಳು ಹೇಳಿದಾಗ ನನಗೆ ನಂಬಲಾಗಲಿಲ್ಲ. ಮೊಮ್ಮಗನ ಶಾಲೆಯಲ್ಲಿ ಟೋಪಿ ಇಲ್ಲದ ಮಕ್ಕಳನ್ನು ಆಟದ ಮೈದಾನಕ್ಕೇ ಬಿಡುವುದಿಲ್ಲವಂತೆ. ಈ ಲೆಕ್ಕ ನಿಜವೇ? ನಿಜವಾದರೆ, ಅದಕ್ಕಿಂತ ಕಡುಬಿಸಿಲಿನ ನಮ್ಮ ನಾಡಿನಲ್ಲಿ ಈ ಕಾಯಿಲೆಯ ಹೆಸರೇ ಅಷ್ಟಾಗಿ ಕೇಳಿಬರುವುದಿಲ್ಲವೇಕೆ? ನಮ್ಮ ಮಕ್ಕಳಿಗೂ ಅಷ್ಟೇ ಅಪಾಯವಿದೆಯೇ?
ಮೈಸೂರಿನ ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಮಾನ್ಯ ಗುರುಗಳೇ, ನಿಮ್ಮ ಮಗಳು ಹೇಳಿದ್ದು ನಿಜ. ಆಸ್ಟ್ರೇಲಿಯಾದ ಕ್ಯಾನ್ಸರ್ ಕೌನ್ಸಿಲ್ ಬಹುಕಾಲದಿಂದ ಜನರ ಮುಂದಿಡುತ್ತ ಬಂದಿರುವ ಲೆಕ್ಕ ಅದು. ಆದರೆ ಚರ್ಮದ ಕ್ಯಾನ್ಸರ್ ಎಂದೊಡನೆ ಮನಸ್ಸಿಗೆ ಬರುವ ಭಯ ಆ ಸಂಖ್ಯೆಯಷ್ಟು ದೊಡ್ಡದಾಗಿರಬೇಕಿಲ್ಲ. ಚರ್ಮದ ಕ್ಯಾನ್ಸರ್‌ಗಳಲ್ಲಿ ಮೆಲನೋಮಾ ಎಂಬುದು ಬೇಗ ಹರಡುವ, ಪ್ರಾಣಕ್ಕೆ ಹೆಚ್ಚು ಅಪಾಯ ತರುವ ಬಗೆ. ಅದನ್ನು ಹೊರತುಪಡಿಸಿದರೆ ಮುಖ್ಯವಾಗಿ ಉಳಿಯುವುದು ಎರಡು: ಚರ್ಮದ ಮೇಲ್ಪದರದ ಬುಡದ ಕೋಶಗಳನ್ನು ಹೋಲುವ ಬೇಸಲ್ ಸೆಲ್ ಕಾರ್ಸಿನೋಮಾ ಮತ್ತು ಅದೇ ಪದರದ ಚಪ್ಪಟೆ ಕೋಶಗಳಿಂದ ಹುಟ್ಟುವ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ನಿಮ್ಮ ಮಗಳು ಹೇಳಿದ ಮೂವರಲ್ಲಿ ಇಬ್ಬರ ಲೆಕ್ಕದ ಬಹುಪಾಲು ಈ ಎರಡು ಬಗೆಗಳದ್ದೇ. ಬೇಸಲ್ ಬಗೆಯದು ದೇಹದ ಬೇರೆ ಭಾಗಗಳಿಗೆ ಹರಡುವುದು ಅತ್ಯಂತ ವಿರಳ. ಮೂಗಿನ ಹೊಳ್ಳೆಯ ಪಕ್ಕದಲ್ಲೋ ಕಣ್ಣಿನ ಕೆಳರೆಪ್ಪೆಯ ಬಳಿಯೋ ಮುತ್ತಿನ ಹೊಳಪಿನ ಅಂಚುಳ್ಳ ಸಣ್ಣ ಗುಳ್ಳೆಯಾಗಿ ಹುಟ್ಟಿ, ನಡುವೆ ಒಡೆದು, ಹೊಪ್ಪಳೆಗಟ್ಟಿ, ಉದುರಿ, ಮತ್ತೆ ರಕ್ತ ಜಿನುಗುತ್ತ ಅದು ವರ್ಷಗಟ್ಟಲೆ ಅದೇ ಜಾಗದಲ್ಲಿ ಬೆಳೆಯುತ್ತದೆ. ಹಾಗೆಂದು ಬಿಟ್ಟರೆ ಮೂಗನ್ನೂ ರೆಪ್ಪೆಯನ್ನೂ ತಿಂದುಹಾಕುತ್ತದೆ; ಬೇಗ ತೆಗೆಸಿದರೆ ಬಹುತೇಕ ಪೂರ್ಣ ಗುಣವಾಗುತ್ತದೆ.

2002ರಲ್ಲಿ ಆಸ್ಟ್ರೇಲಿಯಾದಲ್ಲಿ ಮನೆಮನೆಯ ಸಮೀಕ್ಷೆಯೊಂದು ನಡೆಯಿತು. ಹಿಂದಿನ ಹನ್ನೆರಡು ತಿಂಗಳಲ್ಲಿ ಚರ್ಮದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದೀರಾ ಎಂದು ಜನರನ್ನು ಕೇಳಿ, ಹೌದೆಂದವರ ಹೇಳಿಕೆಯನ್ನು ಚಿಕಿತ್ಸೆ ನೀಡಿದ ವೈದ್ಯರಿಂದ ಖಚಿತಪಡಿಸಿಕೊಂಡು ಲೆಕ್ಕ ಹಾಕಿದಾಗ, ಆ ಒಂದೇ ವರ್ಷ ಸುಮಾರು 3,74,000 ಜನ ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದರೆಂದು ಅಂದಾಜಾಯಿತು. ಆಗ ಆ ದೇಶದ ಜನಸಂಖ್ಯೆ ಎರಡು ಕೋಟಿಗೂ ಕಡಿಮೆಯಿತ್ತು; ಅಂದರೆ ವರ್ಷವೊಂದರಲ್ಲಿ ಸರಿಸುಮಾರು ನೂರಕ್ಕೆ ಇಬ್ಬರು. ವಯಸ್ಸಿಗೆ ಹೊಂದಿಸಿದ ದರ (ಎಳೆಯರು, ವಯಸ್ಸಾದವರ ಪ್ರಮಾಣ ಬೇರೆಬೇರೆಯಿರುವ ಜನಸಮೂಹಗಳನ್ನು ಹೋಲಿಸಲಾಗುವಂತೆ ಸರಿದೂಗಿಸಿದ ದರ) ಬೇಸಲ್ ಬಗೆಯದು ಲಕ್ಷಕ್ಕೆ 884, ಸ್ಕ್ವಾಮಸ್ ಬಗೆಯದು ಲಕ್ಷಕ್ಕೆ 387. ಸಮಭಾಜಕದತ್ತ ಸಾಗಿದಷ್ಟೂ ದರ ಏರುತ್ತದೆ. ಕ್ವೀನ್ಸ್‌ಲ್ಯಾಂಡ್ ಸೇರಿದ ಉತ್ತರ ಭಾಗದಲ್ಲಿ ಬೇಸಲ್ ಬಗೆಯ ದರವು ತೀರ ದಕ್ಷಿಣದ ಪ್ರದೇಶಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ನಿಮ್ಮ ಮಗಳಿರುವ ಬ್ರಿಸ್ಬೇನ್ ಕ್ವೀನ್ಸ್‌ಲ್ಯಾಂಡಿನ ರಾಜಧಾನಿ. ಜಗತ್ತಿನಲ್ಲಿ ಈ ಕಾಯಿಲೆ ಅತಿ ಹೆಚ್ಚು ಕಾಣಿಸುವ ಪ್ರದೇಶ ಯಾವುದೆಂದು ಕೇಳಿದರೆ ತಜ್ಞರು ಮೊದಲು ಹೇಳುವ ಹೆಸರುಗಳಲ್ಲಿ ಅದೂ ಒಂದು.

ಬಿಸಿಲೇ ಕಾರಣವಾದರೆ ನಮ್ಮಲ್ಲಿ ಇನ್ನೂ ಹೆಚ್ಚಿರಬೇಕಲ್ಲವೇ ಎಂಬ ನಿಮ್ಮ ಪ್ರಶ್ನೆ ಬಹಳ ಸರಿಯಾದದ್ದು. ಬ್ರಿಸ್ಬೇನ್ ಸಮಭಾಜಕದಿಂದ ದಕ್ಷಿಣಕ್ಕೆ ಇಪ್ಪತ್ತೇಳು ಡಿಗ್ರಿ ದೂರದಲ್ಲಿದೆ. ಮೈಸೂರು ಉತ್ತರಕ್ಕೆ ಹನ್ನೆರಡು ಡಿಗ್ರಿಯಷ್ಟೇ. ಅತಿನೇರಳೆ ಕಿರಣಗಳ ತೀವ್ರತೆಯಲ್ಲಿ ನಾವು ಅವರಿಗೆ ಹಿಂದುಳಿದವರೇನಲ್ಲ. ವ್ಯತ್ಯಾಸವಿರುವುದು ಆ ಬಿಸಿಲಿಗೆ ಮೈಯೊಡ್ಡುವ ಚರ್ಮದಲ್ಲಿ. ಕ್ವೀನ್ಸ್‌ಲ್ಯಾಂಡಿನ ಇಂದಿನ ನಿವಾಸಿಗಳಲ್ಲಿ ಬಹಳಷ್ಟು ಮಂದಿಯ ಪೂರ್ವಿಕರು ಕಳೆದ ಎರಡು ಶತಮಾನಗಳಲ್ಲಿ ಬ್ರಿಟನ್ ಮತ್ತು ಐರ್ಲೆಂಡ್‌ಗಳಿಂದ ಬಂದು ನೆಲೆಸಿದವರು. ಮಂದ ಬಿಸಿಲಿಗೆ ಹೊಂದಿಕೊಂಡಿದ್ದ ಆ ಚರ್ಮ ಒಮ್ಮೆಲೇ ಉಷ್ಣವಲಯದ ಸೂರ್ಯನ ಕೆಳಗೆ ಬಂತು. ಅದೇ ನೆಲದ ಮೂಲನಿವಾಸಿಗಳಲ್ಲಿ ಅದೇ ಬಿಸಿಲಿನಲ್ಲಿ ಈ ಕಾಯಿಲೆ ತೀರ ಕಡಿಮೆಯಿರುವುದು ಈ ಮಾತಿಗೆ ಅತ್ಯಂತ ನೇರವಾದ ಸಾಕ್ಷ್ಯ.

ಬಣ್ಣ ತಯಾರಿಸುವ ಕೋಶಗಳ ಸಂಖ್ಯೆ ಎಲ್ಲರ ಚರ್ಮದಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಅವು ತಯಾರಿಸುವ ಮೆಲನಿನ್ ಕಣಗಳ ಗಾತ್ರ, ಪ್ರಮಾಣ ಮತ್ತು ಹಂಚಿಕೆ ಬೇರೆಬೇರೆ. ಕಪ್ಪು, ಕಂದು ಮೈಬಣ್ಣದವರಲ್ಲಿ ಈ ಕಣಗಳು ದೊಡ್ಡವಾಗಿದ್ದು, ಮೇಲ್ಪದರದ ಕೋಶಗಳೊಳಗೆ ಸೇರಿ, ಕೋಶಕೇಂದ್ರದ ನೆತ್ತಿಯ ಮೇಲೆ ಕೊಡೆ ಹಿಡಿದಂತೆ ನಿಲ್ಲುತ್ತವೆ. ಆಗ ಡಿಎನ್‌ಎ ತನಕ ತಲುಪುವ ಕಿರಣಗಳು ಹಲವು ಪಟ್ಟು ಕಡಿಮೆಯಾಗುತ್ತವೆ. ಈ ರಕ್ಷಣೆ ಹುಟ್ಟಿನಿಂದಲೇ ಬಂದಿರುವುದರಿಂದ, ನಿಮ್ಮ ಮಗಳು ಬ್ರಿಸ್ಬೇನಿನಲ್ಲಿ ಎಷ್ಟೇ ವರ್ಷ ಇದ್ದರೂ ಅದು ಅವರ ಜೊತೆಗೇ ಇರುತ್ತದೆ. ಆದ್ದರಿಂದ ಮೂವರಲ್ಲಿ ಇಬ್ಬರು ಎಂಬ ಲೆಕ್ಕವನ್ನು ಅವರ ಕುಟುಂಬಕ್ಕೆ ಅನ್ವಯಿಸಬೇಡಿ. ಅವರ ಅಪಾಯ ಅದರ ಸಣ್ಣದೊಂದು ಅಂಶ ಮಾತ್ರ.

ಹಾಗಾದರೆ ಮೊಮ್ಮಗನಿಗೆ ಟೋಪಿ ಏಕೆ ಎಂದರೆ, ಶಾಲೆಯ ನಿಯಮವು ಎಲ್ಲ ಮಕ್ಕಳಿಗೂ ಒಂದೇ, ಮತ್ತು ಬಿಸಿಲು ಕಣ್ಣಿಗೂ ಒಳ್ಳೆಯದಲ್ಲ, ಹಾಕಿಕೊಳ್ಳಲಿ. ಆದರೆ ಕ್ಯಾನ್ಸರಿನ ಭಯದಿಂದ ಮಗುವನ್ನು ಮನೆಯೊಳಗೇ ಕೂರಿಸಬಾರದು. ಕಂದು ಮೈಬಣ್ಣದ ವಲಸಿಗರಲ್ಲಿ, ಅದರಲ್ಲೂ ಮೆಲ್ಬರ್ನಿನಂಥ ದಕ್ಷಿಣದ ಊರುಗಳ ಚಳಿಗಾಲದಲ್ಲಿ, ವಿಟಮಿನ್ ಡಿ ಕೊರತೆ ಕಾಣಿಸುವುದು ಸಾಮಾನ್ಯ. ನಮ್ಮವರು ಅಲ್ಲಿನ ವೈದ್ಯರನ್ನು ಕಂಡಾಗ ಅದನ್ನೂ ಕೇಳಿ ಪರೀಕ್ಷಿಸಿಕೊಳ್ಳುವುದು ಲೇಸು.

ಪ್ರಶ್ನೆ: ಸರ್, ನಮ್ಮ ಪಠ್ಯದಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ ಜಗತ್ತಿನ ಅತಿ ಸಾಮಾನ್ಯ ಕ್ಯಾನ್ಸರ್‌ಗಳಲ್ಲಿ ಒಂದೆಂದು ಬರೆದಿದೆ. ಆದರೆ ಸಾಮಾನ್ಯ ಕ್ಯಾನ್ಸರ್‌ಗಳ ಅಂಕಿ-ಅಂಶದ ಪಟ್ಟಿಗಳಲ್ಲಿ ಶ್ವಾಸಕೋಶ, ಸ್ತನ, ಕರುಳಿನ ಕ್ಯಾನ್ಸರ್‌ಗಳೇ ಮುಂದಿರುತ್ತವೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ನಮ್ಮ ರಾಜ್ಯದಲ್ಲಿ ಇದರ ಪ್ರಮಾಣ ಎಷ್ಟು?
ಧಾರವಾಡದ ನರ್ಸಿಂಗ್ ವಿದ್ಯಾರ್ಥಿನಿ

ಉತ್ತರ: ತಂಗಿ, ಎರಡೂ ಸರಿ, ಏಕೆಂದರೆ ಎರಡೂ ಒಂದನ್ನೇ ಎಣಿಸಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಲ್ಲಿ ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರಿನ ಹೊಸ ಪ್ರಕರಣಗಳು ಜಗತ್ತಿನಾದ್ಯಂತ 12 ಲಕ್ಷಕ್ಕೂ ಹೆಚ್ಚು, ಸಾವುಗಳು 69 ಸಾವಿರದ ಆಸುಪಾಸು. ಆ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾವನ್ನು ಬಿಟ್ಟು ಎಂದಿರುತ್ತದೆ. ಅತಿ ಹೆಚ್ಚು ಕಾಣುವ ಬಗೆಯೇ ಎಣಿಕೆಯಿಂದ ಹೊರಗೆ ಉಳಿದಿರುವಾಗ ಪಟ್ಟಿಯಲ್ಲಿ ಅದರ ಸ್ಥಾನ ಹೇಗೆ ಕಾಣಬೇಕು?

ಅದನ್ನು ಬಿಡುವುದಕ್ಕೆ ಕಾರಣಗಳಿವೆ. ಹೆಚ್ಚಿನ ದೇಶಗಳ ಕ್ಯಾನ್ಸರ್ ನೋಂದಣಿ ಕೇಂದ್ರಗಳು ಅದನ್ನು ದಾಖಲಿಸುವುದೇ ಇಲ್ಲ. ಟಾಸ್ಮೇನಿಯಾದಂಥ ಅಪವಾದವನ್ನು ಬಿಟ್ಟರೆ ಆಸ್ಟ್ರೇಲಿಯಾದಲ್ಲೂ ಇದೇ ಸ್ಥಿತಿ. ಮೇಲಿನ ಉತ್ತರದಲ್ಲಿ ಹೇಳಿದ ಮನೆಮನೆಯ ಸಮೀಕ್ಷೆ ಬೇಕಾದದ್ದೂ ಅದಕ್ಕಾಗಿಯೇ. ಸಣ್ಣ ಚಿಕಿತ್ಸಾಲಯದಲ್ಲಿ ಹೆಪ್ಪುಗಟ್ಟಿಸಿಯೋ ಸುಟ್ಟೋ ತೆಗೆದ ಗಂಟು ಪ್ರಯೋಗಾಲಯಕ್ಕೆ ಹೋಗದೆ ಇರಬಹುದು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಒಬ್ಬರ ಮೈಮೇಲೆ ಇಂಥವು ಹಲವು ಹುಟ್ಟುತ್ತವೆ. ಅಮೆರಿಕದಲ್ಲಿ 2012ನೇ ವರ್ಷಕ್ಕೆ ಮಾಡಿದ ಅಂದಾಜಿನ ಪ್ರಕಾರ ಇಂಥ ಗಡ್ಡೆಗಳು ಸುಮಾರು 54 ಲಕ್ಷ, ಆದರೆ ಚಿಕಿತ್ಸೆ ಪಡೆದ ಜನ ಸುಮಾರು 33 ಲಕ್ಷ. ಗಡ್ಡೆಯನ್ನು ಎಣಿಸಿದರೆ ಒಂದು ಉತ್ತರ, ಜನರನ್ನು ಎಣಿಸಿದರೆ ಇನ್ನೊಂದು. ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ವಿಮೆಯಡಿ 2014ರಲ್ಲಿ ಹಣ ಪಾವತಿಯಾದ ಇಂಥ ಚಿಕಿತ್ಸೆಗಳು ಒಂಬತ್ತೂವರೆ ಲಕ್ಷ ಮೀರಿದ್ದವು. ಅದು ಚಿಕಿತ್ಸೆಗಳ ಸಂಖ್ಯೆ, ರೋಗಿಗಳದ್ದಲ್ಲ. ಯಾವುದೇ ಪ್ರದೇಶದ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಡುವ ಮೊದಲು ಇದನ್ನು ನೋಡಿಕೊಳ್ಳುವ ಅಭ್ಯಾಸವನ್ನು ನೀವು ವಿದ್ಯಾರ್ಥಿದೆಸೆಯಲ್ಲೇ ಬೆಳೆಸಿಕೊಳ್ಳಿ.

ನಮ್ಮ ರಾಜ್ಯದ ವಿಷಯಕ್ಕೆ ಬಂದರೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಡಿ 1982ರಿಂದ ನಗರದ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯನ್ನು ನಡೆಸುತ್ತ ಬಂದಿದೆ. ದೇಶದ ಹೆಚ್ಚಿನ ನೋಂದಣಿಗಳಲ್ಲಿ ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರಿನ ವಯಸ್ಸಿಗೆ ಹೊಂದಿಸಿದ ದರ ವರ್ಷಕ್ಕೆ ಲಕ್ಷ ಜನಕ್ಕೆ ಒಂದೆರಡರ ಆಸುಪಾಸಿನಲ್ಲೇ ಇರುತ್ತದೆ. ಎಲ್ಲ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದೆರಡು. ಆಸ್ಟ್ರೇಲಿಯಾದ ಸಾವಿರಕ್ಕೂ ಮೀರಿದ ದರದ ಎದುರು ಇದನ್ನಿಟ್ಟು ನೋಡಿ. ನಮ್ಮಲ್ಲಿ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಆಗದೆ, ದಾಖಲಾಗದೆ ಉಳಿಯುವ ಪ್ರಕರಣಗಳು ಖಂಡಿತ ಇವೆ, ಹಳ್ಳಿಗಳಲ್ಲಿ ಇನ್ನೂ ಹೆಚ್ಚು. ಆದರೆ ಅವನ್ನು ಎಷ್ಟು ಉದಾರವಾಗಿ ಸೇರಿಸಿದರೂ ಈ ಅಂತರ ತುಂಬುವುದಿಲ್ಲ.

ಇನ್ನೊಂದು ಮಾತು. ಬಿಳಿಚರ್ಮದವರಲ್ಲಿ ಬೇಸಲ್ ಬಗೆ ಸ್ಪಷ್ಟವಾಗಿ ಮುಂದಿರುತ್ತದೆ. ನಮ್ಮ ದೇಶದ ಹಳೆಯ ಆಸ್ಪತ್ರೆ ದಾಖಲೆಗಳಲ್ಲಿ ಹೆಚ್ಚಾಗಿ ಸ್ಕ್ವಾಮಸ್ ಬಗೆ ಮುಂದಿತ್ತು; ಉತ್ತರ ಭಾರತದ ಕೆಲವು ಇತ್ತೀಚಿನ ವರದಿಗಳಲ್ಲಿ ಬೇಸಲ್ ಮುಂದಿದೆ. ಆದರೆ ಆಸ್ಪತ್ರೆಗೆ ಬಂದವರ ಲೆಕ್ಕವು ಊರಿನ ಲೆಕ್ಕವಾಗುವುದಿಲ್ಲ. ಇನ್ನು ವಾರ್ಡಿನಲ್ಲಿ ನಿಮಗೆ ಉಪಯೋಗಕ್ಕೆ ಬರುವ ವಿಷಯವೊಂದಿದೆ: ನಮ್ಮವರಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ ಬಹಳ ಸಲ ಕಪ್ಪಾಗಿಯೇ ಇರುತ್ತದೆ. ಅರವತ್ತರ ಅಜ್ಜಿಯೊಬ್ಬರ ಕೆನ್ನೆಯ ಮೇಲೆ ಈಚೆಗೆ ಹುಟ್ಟಿ, ನಿಧಾನವಾಗಿ ಅಗಲವಾಗುತ್ತಿರುವ ಕಪ್ಪು ಗುಳ್ಳೆಯನ್ನು ಅವರು ಮಚ್ಚೆ ಎಂದರೂ ನೀವು ವೈದ್ಯರ ಗಮನಕ್ಕೆ ತನ್ನಿ.

ಪ್ರಶ್ನೆ: ನಾನು ಕಟ್ಟಡ ಕಾಮಗಾರಿಯ ಮೇಲ್ವಿಚಾರಕ. ದಿನವಿಡೀ ಬಿಸಿಲಿನಲ್ಲಿರುತ್ತೇನೆ. ಸನ್‌ಸ್ಕ್ರೀನ್ ಹಚ್ಚಿದರೆ ಕ್ಯಾನ್ಸರ್ ತಡೆಯಬಹುದೆಂಬುದಕ್ಕೆ ಪುರಾವೆ ಇದೆಯೇ, ಅಥವಾ ಅದು ಬರೀ ಜಾಹೀರಾತೇ?
ಬೆಂಗಳೂರಿನ ಓದುಗರು

ಉತ್ತರ: ಪುರಾವೆ ಇದೆ, ಮತ್ತು ಅದು ಬಂದದ್ದೂ ಕ್ವೀನ್ಸ್‌ಲ್ಯಾಂಡಿನಿಂದಲೇ. ಬ್ರಿಸ್ಬೇನಿನ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿರುವ ನಂಬೂರ್ ಎಂಬ ಸಣ್ಣ ಊರಿನ 1,621 ನಿವಾಸಿಗಳ ಮೇಲೆ 1992ರಿಂದ 1996ರವರೆಗೆ ಪ್ರಯೋಗ ನಡೆಯಿತು. ಚೀಟಿ ಎತ್ತಿದಂತೆ ವಿಂಗಡಿಸಿದ ಒಂದು ಗುಂಪಿನವರು ಪ್ರತಿದಿನ ಬೆಳಿಗ್ಗೆ ತಲೆ, ಕುತ್ತಿಗೆ, ತೋಳು ಮತ್ತು ಕೈಗಳಿಗೆ ಸನ್‌ಸ್ಕ್ರೀನ್ ಹಚ್ಚಬೇಕಿತ್ತು. ಇನ್ನೊಂದು ಗುಂಪಿನವರು ಎಂದಿನಂತೆ ತಮ್ಮ ಇಚ್ಛೆಯಂತೆ ಇರಬಹುದಿತ್ತು. ಹಚ್ಚಿದೆವೆಂಬ ಬಾಯಿಮಾತನ್ನು ನೆಚ್ಚದೆ, ಜನ ಹಿಂತಿರುಗಿಸಿದ ಸೀಸೆಗಳನ್ನು ತೂಗಿ ಎಷ್ಟು ಖರ್ಚಾಗಿದೆಯೆಂದು ನೋಡುತ್ತಿದ್ದರು. ನಾಲ್ಕೂವರೆ ವರ್ಷಗಳ ಕೊನೆಗೆ ದಿನವೂ ಹಚ್ಚಿದವರಲ್ಲಿ ಸ್ಕ್ವಾಮಸ್ ಬಗೆಯ ಗಡ್ಡೆಗಳು ಸುಮಾರು ಶೇಕಡ 40ರಷ್ಟು ಕಡಿಮೆ ಕಂಡವು. ಬೇಸಲ್ ಬಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ಪ್ರಯೋಗದಲ್ಲಿ ಪರೀಕ್ಷಿಸಿದ ಬೀಟಾ ಕ್ಯಾರೋಟಿನ್ ಮಾತ್ರೆಯಿಂದ ಯಾವ ಪ್ರಯೋಜನವೂ ಆಗಲಿಲ್ಲ.

ಆದರೆ ಆ ಊರಿನವರಿಗೆ ಸಿಕ್ಕ ಲಾಭ ನಿಮಗೂ ಅಷ್ಟೇ ಸಿಗುತ್ತದೆಂದು ನಾನು ಹೇಳಲಾರೆ. ಅಪಾಯವೇ ತೀರ ಕಡಿಮೆಯಿರುವಲ್ಲಿ ಅದನ್ನು ಇನ್ನಷ್ಟು ತಗ್ಗಿಸಲು ದುಬಾರಿ ಟ್ಯೂಬುಗಳಿಗೆ ಹಣ ಸುರಿಯಬೇಕಿಲ್ಲ. ಅಂಚು ಅಗಲವಾದ ಟೋಪಿ ಅಥವಾ ಹೆಲ್ಮೆಟಿನಡಿ ಕತ್ತಿನ ಮೇಲೆ ಇಳಿಬಿಟ್ಟ ಬಟ್ಟೆ, ತುಂಬು ತೋಳಿನ ಅಂಗಿ, ನಡುಮಧ್ಯಾಹ್ನ ನೆರಳಿನಲ್ಲಿ ಮಾಡುವ ಕೆಲಸಗಳನ್ನು ಹಂಚಿಕೊಳ್ಳುವುದು, ಇಷ್ಟು ಸಾಕು. ಬಿಸಿಲಿನಿಂದ ಮುಖದ ಮೇಲೆ ಬಂಗು ಬರುತ್ತಿದ್ದರೆ ಸನ್‌ಸ್ಕ್ರೀನ್ ಹಚ್ಚಿ. ಅದು ಬೇರೆ ಕಾರಣ. ನಿಮ್ಮ ಕೈಕೆಳಗೆ ತೊನ್ನು ಇರುವವರೋ ಹುಟ್ಟಿನಿಂದಲೇ ಮೈಬಣ್ಣವಿಲ್ಲದವರೋ ಕೆಲಸ ಮಾಡುತ್ತಿದ್ದರೆ ಮೊದಲ ನೆರಳು ಅವರಿಗೆ ಸಲ್ಲಬೇಕು. ಅದರಲ್ಲೂ ಹುಟ್ಟಿನಿಂದ ಮೆಲನಿನ್ ಇಲ್ಲದವರಿಗೆ ನಮ್ಮ ಬಿಸಿಲಿನಲ್ಲಿ ಈ ಕ್ಯಾನ್ಸರ್ ಎಳೆಯ ವಯಸ್ಸಿನಲ್ಲೇ ಬರಬಹುದು. ಬಿಸಿಲಿನ ದುಡಿಮೆಯ ಹೊರೆ ಜಗತ್ತಿನ ಮಟ್ಟದಲ್ಲಿ ಸಣ್ಣದಲ್ಲ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜೊತೆಯಾಗಿ ಮಾಡಿದ ಅಂದಾಜಿನಂತೆ 2019ರಲ್ಲಿ ಹೊರಾಂಗಣ ದುಡಿಮೆಯಿಂದ ಬಂದ ಈ ಬಗೆಯ ಕ್ಯಾನ್ಸರಿಗೆ ಸುಮಾರು 19 ಸಾವಿರ ಮಂದಿ ಬಲಿಯಾದರು.

ಪ್ರಶ್ನೆ: ನಮ್ಮ ತಾಯಿಗೆ ಈಗ ಅರವತ್ತೆರಡು. ಚಿಕ್ಕವರಿದ್ದಾಗ ಸೀಮೆಎಣ್ಣೆ ಸ್ಟವ್ ಸಿಡಿದು ಮೊಣಕಾಲಿನ ಹಿಂಬದಿ ಸುಟ್ಟಿತ್ತಂತೆ. ಆ ಕಲೆಯ ನಡುವೆ ವರ್ಷದ ಹಿಂದೆ ಸಣ್ಣ ಹುಣ್ಣಾಯಿತು. ಎಷ್ಟು ಮುಲಾಮು ಹಚ್ಚಿದರೂ ಮಾಯುತ್ತಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ಸೀರೆಯ ಮರೆಯಲ್ಲಿ, ಬಿಸಿಲೇ ತಾಗದ ಜಾಗದಲ್ಲಿ ಚರ್ಮದ ಕ್ಯಾನ್ಸರ್ ಬರುವುದುಂಟೇ?
ಹಾವೇರಿ ಜಿಲ್ಲೆಯ ರೈತರೊಬ್ಬರು

ಉತ್ತರ: ಉಂಟು. ನಿಮ್ಮ ಪತ್ರವನ್ನು ಓದಿದಾಗಿನಿಂದ ನನಗೆ ಉಳಿದ ಪತ್ರಗಳಿಗಿಂತ ಇದರದೇ ಚಿಂತೆಯಾಗಿದೆ. ದಯವಿಟ್ಟು ಈ ಸಂಚಿಕೆ ಕೈಸೇರಿದ ವಾರದಲ್ಲೇ ತಾಯಿಯವರನ್ನು ಕರೆದುಕೊಂಡು ಜಿಲ್ಲಾಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕಾಗಲಿ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಾಗಲಿ ಹೋಗಿ.

ಸುಟ್ಟ ಹಳೆಯ ಕಲೆಯಲ್ಲಿ ದಶಕಗಳ ನಂತರ ಹುಟ್ಟುವ ಸ್ಕ್ವಾಮಸ್ ಬಗೆಯ ಕ್ಯಾನ್ಸರಿಗೆ ಮಾರ್ಜೋಲಿನ್ ಹುಣ್ಣು ಎನ್ನುತ್ತಾರೆ. ಇಂಥ ಕಲೆಗಳ ಹುಣ್ಣನ್ನು 1828ರಲ್ಲಿ ವರ್ಣಿಸಿದ ಫ್ರಾನ್ಸಿನ ಶಸ್ತ್ರವೈದ್ಯ ಜಾನ್ ನಿಕೋಲಾ ಮಾರ್ಜೋಲಿನ್ ಅವರ ಹೆಸರು ಅದು. ಸುಟ್ಟ ಗಾಯಕ್ಕೂ ಕ್ಯಾನ್ಸರಿಗೂ ನಡುವೆ ಸರಾಸರಿ ಮೂವತ್ತು ವರ್ಷಗಳಷ್ಟು ಅಂತರವಿರುವುದರಿಂದ ಮನೆಯವರಿಗೆ ಎರಡರ ನಂಟು ಹೊಳೆಯುವುದೇ ಇಲ್ಲ. ಕೀಲಿನ ಹಿಂದೆ, ಮಡಿಸಿ ಬಿಡಿಸುವಾಗ ಎಳೆತಕ್ಕೆ ಸಿಕ್ಕು ಮತ್ತೆಮತ್ತೆ ಬಿರಿಯುವ ಬಿಗಿಯಾದ ಕಲೆಯಲ್ಲಿ ಇದು ಹೆಚ್ಚು. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಅಂಗಾಲಿನ ಹಳೆಯ ಹುಣ್ಣು, ಮೂಳೆಯ ಸೋಂಕಿನಿಂದ ವರ್ಷಗಟ್ಟಲೆ ಕೀವು ಸೋರುವ ಗಾಯ, ಇವುಗಳಲ್ಲೂ ಹೀಗಾಗಬಹುದು. ಕಾಶ್ಮೀರದ ಜನ ಚಳಿಗೆ ಫೆರನ್ ಎಂಬ ನಿಲುವಂಗಿಯ ಒಳಗೆ ಕೆಂಡದ ಕಾಂಗ್ಡಿಯನ್ನು ಇಟ್ಟುಕೊಳ್ಳುತ್ತಾರೆ. ಆ ಶಾಖ ವರ್ಷವರ್ಷವೂ ತಾಗಿದ ಹೊಟ್ಟೆ ಮತ್ತು ತೊಡೆಗಳಲ್ಲಿ ಹುಟ್ಟುವ ಕ್ಯಾನ್ಸರನ್ನು ವೈದ್ಯರು ಹತ್ತೊಂಬತ್ತನೇ ಶತಮಾನದಲ್ಲೇ ಗುರುತಿಸಿದ್ದರು. ಬಿಗಿಯಾಗಿ ಕಟ್ಟಿದ ಧೋತರ ಉಜ್ಜಿದ ಸೊಂಟದ ಮೇಲಿನ ಕ್ಯಾನ್ಸರ್ 1940ರ ದಶಕದಲ್ಲಿ ಮುಂಬಯಿಯಿಂದ ವರದಿಯಾಯಿತು. ನಮ್ಮ ದೇಶದಲ್ಲಿ ಈ ಕಾಯಿಲೆಯ ಒಟ್ಟು ಸಂಖ್ಯೆ ಕಡಿಮೆ; ಆದರೆ ಬಂದದ್ದರಲ್ಲಿ ಬಿಸಿಲಿಗೆ ಸಂಬಂಧವಿಲ್ಲದ ಇಂಥ ಕಾರಣಗಳ ಪಾಲು ಬಿಳಿಚರ್ಮದವರಲ್ಲಿ ಇರುವುದಕ್ಕಿಂತ ಹೆಚ್ಚು. ಲಕ್ಷಕ್ಕೆ ಒಂದೆರಡು ಎಂಬ ದರವನ್ನು ನೋಡಿ ನಿಮ್ಮ ತಾಯಿಯವರು ನಿಶ್ಚಿಂತರಾಗಿರಬಾರದೆಂದು ನಾನು ಹೇಳುವುದು ಇದಕ್ಕೇ.

ಹುಣ್ಣಿನ ಅಂಚನ್ನು ಹಗಲಿನ ಬೆಳಕಿನಲ್ಲಿ ನೋಡಿ. ಮಾಯುತ್ತಿರುವ ಹುಣ್ಣಿನ ಅಂಚು ತೆಳ್ಳಗೆ, ಒಳಮುಖವಾಗಿ ಇಳಿಜಾರಾಗಿರುತ್ತದೆ. ಅಂಚು ದಪ್ಪವಾಗಿ, ಗಟ್ಟಿಯಾಗಿ, ಹೊರಕ್ಕೆ ಮಗುಚಿಕೊಂಡಿದ್ದರೆ, ಮುಟ್ಟಿದರೆ ರಕ್ತ ಬರುತ್ತಿದ್ದರೆ, ವಾಸನೆ ಹೆಚ್ಚಿದ್ದರೆ, ತೊಡೆಯ ಸಂದಿನಲ್ಲಿ ಗಂಟು ಕೈಗೆ ಸಿಕ್ಕರೆ ಅನುಮಾನ ಬಲವಾಗುತ್ತದೆ. ಇವು ಯಾವುವೂ ಇಲ್ಲದಿದ್ದರೂ, ಹಳೆಯ ಕಲೆಯಲ್ಲಿ ಆರು ವಾರ ಮೀರಿ ಉಳಿದ ಹುಣ್ಣಿಗೆ ಬಯಾಪ್ಸಿ ಆಗಲೇಬೇಕು ಎಂಬುದು ನನ್ನ ಅಭಿಪ್ರಾಯ. ಅಂಚಿನ ಒಂದಕ್ಕಿಂತ ಹೆಚ್ಚು ಕಡೆಗಳಿಂದ ಚೂರು ತೆಗೆಯುವಂತೆ ಕೇಳಿ, ಏಕೆಂದರೆ ಒಂದೇ ಚೂರಿನಲ್ಲಿ ತಪ್ಪಿಹೋಗುವ ಸಾಧ್ಯತೆ ಇರುತ್ತದೆ. ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಹರಡುವುದು ತಡಮಾಡುವುದರಿಂದ. ಕಲೆಯಲ್ಲಿ ಹುಟ್ಟುವ ಈ ಬಗೆ ಬಿಸಿಲಿನಿಂದ ಬರುವುದಕ್ಕಿಂತ ಬೇಗ ತೊಡೆಯ ಸಂದಿನಂಥ ಕಡೆಗಳಲ್ಲಿರುವ ದುಗ್ಧರಸ ಗ್ರಂಥಿಗಳಿಗೆ ಇಳಿಯುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವಿದೆ. ಹೋಗುವಾಗ ಕಾರ್ಡನ್ನೂ ಆಧಾರನ್ನೂ ಜೊತೆಗೆ ಇಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲವೆಂದು ಬಂದರೆ, ಆ ಬಿಗಿದ ಕಲೆಯನ್ನು ತೆಗೆದು ಚರ್ಮ ಕಸಿ ಮಾಡಬಹುದೇ ಎಂದೂ ವಿಚಾರಿಸಿ.

ಪ್ರಶ್ನೆ: ನಮ್ಮ ಊರು ಹಳೆಯ ಚಿನ್ನದ ಗಣಿಯ ಹತ್ತಿರದಲ್ಲಿದೆ. ಊರಿನ ಹಲವರಿಗೆ ಅಂಗೈ, ಅಂಗಾಲುಗಳಲ್ಲಿ ಗಟ್ಟಿ ಗುಳ್ಳೆಗಳು, ಎದೆ-ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳಿವೆ. ಕೊಳವೆಬಾವಿ ನೀರಿನಿಂದ ಚರ್ಮದ ಕ್ಯಾನ್ಸರ್ ಬರುತ್ತದೆಂಬುದು ನಿಜವೇ?
ಯಾದಗಿರಿ ಜಿಲ್ಲೆಯ ಶಾಲಾ ಶಿಕ್ಷಕಿ

ಉತ್ತರ: ನೀರಿನಲ್ಲಿ ಆರ್ಸೆನಿಕ್ ಇದ್ದು, ಅದನ್ನು ಹತ್ತಾರು ವರ್ಷ ಕುಡಿದಿದ್ದರೆ, ನಿಜ. ನಿಮ್ಮ ಜಿಲ್ಲೆಯ ಮಂಗಳೂರು (ಕರಾವಳಿಯ ಮಂಗಳೂರಲ್ಲ) ಶಿಲಾಪಟ್ಟಿಯ ಹಳೆಯ ಚಿನ್ನದ ಗಣಿ ಪ್ರದೇಶದ ಜನವಸತಿಯೊಂದರಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷಿಸಿದ 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇಕಡ 79ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ದಾಟಿತ್ತು; ಒಂದರಲ್ಲಂತೂ 303 ಇತ್ತು. ತಪಾಸಣೆಗೊಳಗಾದ 181 ಜನರಲ್ಲಿ ಶೇಕಡ 58.6 ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತುಗಳಿದ್ದವು. ನೀವು ವಿವರಿಸಿದ ಗುಳ್ಳೆ ಮತ್ತು ಚುಕ್ಕೆಗಳು ಅದೇ ಬಗೆಯವು. ಅವು ತಾವಾಗಿ ಕ್ಯಾನ್ಸರ್ ಅಲ್ಲ, ಆದರೆ ಕೆಲವು ಮುಂದೆ ಕ್ಯಾನ್ಸರ್ ಆಗಬಲ್ಲವು. ಬಾವಿಯ ನೀರಿನಲ್ಲಿ ಆರ್ಸೆನಿಕ್ ಇದ್ದ ತೈವಾನಿನ ಪ್ರದೇಶವೊಂದರಲ್ಲಿ 40,421 ಜನರನ್ನು ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಾವಿರಕ್ಕೆ ಸುಮಾರು ಹತ್ತೂವರೆ ಮಂದಿಗೆ ಚರ್ಮದ ಕ್ಯಾನ್ಸರ್ ಕಂಡುಬಂದಿತ್ತು. ರಾಜ್ಯದ ಸರಾಸರಿ ದರ ಎಷ್ಟೇ ಕಡಿಮೆಯಿರಲಿ, ಅದರೊಳಗೆ ಇಂಥ ಊರುಗಳು ಮರೆಯಾಗಿ ಕುಳಿತಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಮೊದಲ ಕೆಲಸ ನೀರಿನದು. ಗ್ರಾಮ ಪಂಚಾಯಿತಿಯ ಮೂಲಕ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಬರೆದು, ಪ್ರತಿಯೊಂದು ಕೊಳವೆಬಾವಿಯ ನೀರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲು ಕೇಳಿ, ಮತ್ತು ಪತ್ರದಲ್ಲಿ ಆರ್ಸೆನಿಕ್ ಎಂದು ಹೆಸರಿಸಿಯೇ ಬರೆಯಿರಿ. ಒಂದು ಬಾವಿಯಲ್ಲಿ ಹೆಚ್ಚಿದ್ದು ಪಕ್ಕದ ಬಾವಿಯಲ್ಲಿ ಇಲ್ಲದಿರಬಹುದು. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಫಲಿತಾಂಶ ಬರುವವರೆಗೆ ಕುಡಿಯಲು, ಅಡುಗೆಗೆ ಬೇರೆ ಮೂಲದ ನೀರು ಬಳಸಿ. ಸ್ನಾನಕ್ಕೆ, ಬಟ್ಟೆ ಒಗೆಯಲು ಹಳೆಯ ನೀರು ನಡೆಯುತ್ತದೆ. ಎರಡನೆಯದಾಗಿ, ಅಂಗೈ ಗುಳ್ಳೆಗಳಿರುವವರ ಹೆಸರುಗಳನ್ನು ಪಟ್ಟಿಮಾಡಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕೊಟ್ಟು, ಚರ್ಮತಜ್ಞರ ಶಿಬಿರವೊಂದನ್ನು ಏರ್ಪಡಿಸಲು ಕೋರಿ. ಶಿಬಿರದಲ್ಲಿ ಅಂಗೈಯನ್ನಷ್ಟೇ ತೋರಿಸಿ ಎದ್ದುಬರಬಾರದು. ಆರ್ಸೆನಿಕ್‌ನಿಂದ ಬರುವ ಕ್ಯಾನ್ಸರ್ ಬಟ್ಟೆಯ ಮರೆಯ ಬೆನ್ನು, ಹೊಟ್ಟೆಗಳ ಮೇಲೆ ಒಂದಕ್ಕಿಂತ ಹೆಚ್ಚು ಕಡೆ ಹುಟ್ಟುವುದರಿಂದ ಮೈಯೆಲ್ಲವನ್ನೂ ನೋಡಬೇಕಾಗುತ್ತದೆ. ಹೆಂಗಸರ ತಪಾಸಣೆಗೆ ಮಹಿಳಾ ವೈದ್ಯರು ಬರುವಂತೆ ಮೊದಲೇ ಕೇಳಿಕೊಳ್ಳಿ.